ಎಮ್ಮೆಯ ಭಾವಚಿತ್ರ

ಸಾಕುನಾಯಿಯನ್ನು ಸ್ಟುಡಿಯೊದಲ್ಲಿ ಕೂರಿಸಿ ಭಾವಚಿತ್ರ ತೆಗೆಸುವುದು ನಗರಗಳಲ್ಲಿ ಈಗ ಹೊಸತಲ್ಲ. 2005ರಲ್ಲಿ ಅಂಚೆ ಇಲಾಖೆಯು ಮುಧೋಳ ನಾಯಿಗೆ ಅಂಚೆಚೀಟಿಯ ಗೌರವವನ್ನೇ ನೀಡಿತು. ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿಗಳ ಕಾಡಂಚಿನಲ್ಲಿರುವ ಗೌಳಿಗರ ಎಮ್ಮೆಗೂ ಭಾವಚಿತ್ರವುಂಟು. ಅದನ್ನು ತೆಗೆಸುವುದು ವಿಮೆಗಾಗಿ.

ಸೇವೆಯಲ್ಲಿದ್ದಾಗ ಕಡತಗಳಲ್ಲಿ ಅಂಥ ಚಿತ್ರಗಳನ್ನು ಎಷ್ಟೋ ಕಂಡಿದ್ದೇನೆ. ಕೊಂಬಿನ ಬಾಗು ಕಾಣಬೇಕು, ಕಿವಿಗೆ ಚುಚ್ಚಿದ ಓಲೆಯ ಸಂಖ್ಯೆ ಓದುವಂತಿರಬೇಕು, ಪಕ್ಕದಲ್ಲಿ ಮಾಲೀಕ ನಿಂತಿರಬೇಕು. ಓಲೆ ಇಲ್ಲದಿದ್ದರೆ ಪರಿಹಾರವಿಲ್ಲವೆಂಬುದು ವಿಮೆಯ ನಿಯಮ. ಮುಳ್ಳುಪೊದೆಗೆ ಸಿಕ್ಕಿ ಓಲೆ ಕಿತ್ತುಹೋಗುವ ಕಾಡಿನಲ್ಲಿ ಇದೆಷ್ಟು ಕಠಿಣವೆಂಬುದು ನನಗೂ ತಡವಾಗಿಯೇ ತಿಳಿಯಿತು. ಅದೇ ಸೀಮೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾಗಳು ಹುಲಿಯ ಎರಡೂ ಪಕ್ಕೆಗಳನ್ನು ಸೆರೆಹಿಡಿಯುತ್ತವೆ. ಹುಲಿಗೆ ಪಟ್ಟೆಯೇ ಗುರುತು, ಅದು ಕಳಚುವ ಭಯವಿಲ್ಲ! ಗೌಳಿಯು ಹಿಂಡಿನ ಪ್ರತಿ ಎಮ್ಮೆಯನ್ನೂ ಬಲ್ಲ. ಕಡತಕ್ಕೆ ಮಾತ್ರ ಎಲ್ಲ ಎಮ್ಮೆಗಳೂ ಕಪ್ಪು.

ಹಳಿಯಾಳದ ಬಳಿ ಗೌಳಿ ಅಜ್ಜಿಯೊಬ್ಬರು ಸತ್ತ ಎಮ್ಮೆಯ ಕಡತವನ್ನು ಬಹಳ ಹೊತ್ತು ನೋಡಿದರು. ಹಣದ ಮಾತೆತ್ತಲಿಲ್ಲ. ‘ಸಾಹೇಬ್ರ, ಆ ಫೋಟೊ ನಮಗ ಕೊಡ್ತೀರೇನ್ರಿ?’ ಎಂದರು. ಕಡತದಿಂದ ಕಿತ್ತುಕೊಡಲು ಅವಕಾಶವಿರಲಿಲ್ಲ. ಪ್ರತಿ ಮಾಡಿಸಿ ಕಳುಹಿಸಬಹುದಾಗಿತ್ತು. ಅದು ನನಗೆ ಹೊಳೆದದ್ದು ವರ್ಗವಾಗಿ ಬಂದ ಮೇಲೆ.