ಕಟ್ಟಿದ ಮೂಗಿಗೆ ಸ್ಟೀರಾಯ್ಡ್ ಮಾತ್ರೆಯೇ?

ಕಳಸ, ಮೂಡಿಗೆರೆಯ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಬಿಡುವಷ್ಟರಲ್ಲಿ ಗೋಡೆಗೆ ಬೂಷ್ಟು, ಕಂಬಳಿಗೆ ಮುಗ್ಗಲು ವಾಸನೆ. ಅಲರ್ಜಿಯಿರುವ ಮಕ್ಕಳ ಮೂಗು ಕಟ್ಟುವ ಕಾಲವಿದು. ಆದರೆ ಮೂಗು ಕಟ್ಟಿ, ಕೆನ್ನೆ-ಹಣೆ ಭಾರವಾಗಿ, ವಾಸನೆಯೂ ತಿಳಿಯದೆ ಮೂರು ತಿಂಗಳು ಕಳೆದರೆ ಅದು ಬರೀ ನೆಗಡಿಯಲ್ಲ. ಸೈನಸ್‌ನ ದೀರ್ಘಕಾಲದ ಉರಿಯೂತ.

ಪರೀಕ್ಷೆ ಹತ್ತಿರವಿದ್ದರಂತೂ 'ಪ್ರೆಡ್ನಿಸೊಲೋನ್ ನುಂಗಿಸಿ, ಮೂಗು ಬಿಡುತ್ತೆ' ಎನ್ನುವವರು ಸಿಕ್ಕೇ ಸಿಗುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ, ಅಪಾಯವಿರುವುದೂ ಅಲ್ಲೇ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಕಾರ್ಟಿಸೋನ್ ಕೊಟ್ಟಾಗ, ಕೀಲುವಾತದಿಂದ ನರಳುತ್ತಿದ್ದ ರೋಗಿ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ಹೆಂಚ್ ಮತ್ತಿಬ್ಬರಿಗೆ ನೊಬೆಲ್ ಬಂತು. ಅಡ್ಡಪರಿಣಾಮಗಳೂ ಬೆನ್ನಿಗೇ ಕಂಡವು.

ಮೂಗಿನಲ್ಲಿ 'ದುರ್ಮಾಂಸ' (ಪಾಲಿಪ್) ಬೆಳೆದವರಿಗೆ ವೈದ್ಯರು ಒಂದೆರಡು ವಾರ ಈ ಮಾತ್ರೆ ಕೊಡುವುದುಂಟು. ಅದು ಕುಗ್ಗುತ್ತದೆ, ವಾಸನೆ ಮರಳುತ್ತದೆ. ಆದರೆ ಮಾತ್ರೆ ನಿಂತ ಮೂರರಿಂದ ಆರು ತಿಂಗಳಲ್ಲಿ ಲಾಭ ಬಹುಮಟ್ಟಿಗೆ ಕರಗಿಹೋಗುತ್ತದೆ. ಮತ್ತೆ ನುಂಗುವ ಆಸೆ ಹುಟ್ಟುವುದು ಆಗಲೇ. ನಿದ್ದೆಗೇಡು, ಸಿಡುಕು, ಹೊಟ್ಟೆಯುರಿ ಮೊದಲಿಗೆ. ಬಹುಕಾಲ ಮುಂದುವರಿದರೆ ಮೂಳೆ ಟೊಳ್ಳಾಗಬಹುದು, ಮಕ್ಕಳ ಬೆಳವಣಿಗೆ ಕುಂಠಿತವಾಗಬಹುದು. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸೋಲ್ ತಯಾರಿಸುವುದನ್ನೇ ಕಡಿಮೆ ಮಾಡುತ್ತದೆ. ಹಾಗಾದ ಮೇಲೆ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು.

ಮೊದಲ ಚಿಕಿತ್ಸೆ ಬೇರೆಯೇ ಇದೆ: ಉಪ್ಪುನೀರಿನಿಂದ ಮೂಗು ತೊಳೆಯುವುದು (ತೋಟದ ಹಳ್ಳದ ನೀರಲ್ಲ, ಕುದಿಸಿ ಆರಿಸಿದ್ದು), ವೈದ್ಯರು ಬರೆದ ಸ್ಪ್ರೇ. ಅದರಲ್ಲೂ ಇರುವುದು ಸ್ಟೀರಾಯ್ಡೇ. ರಕ್ತಕ್ಕೆ ಸೇರುವುದು ಮಾತ್ರ ಅತ್ಯಲ್ಪ. ಕಣ್ಣಿನ ಸುತ್ತ ಊತ, ದೃಷ್ಟಿ ಮಂಜು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.