ಕಾವು ಕಳೆಯುವ ಕಪ್ಪು ಲೇಪ

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿದಾಗ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಗ್ಯಾರೇಜುಗಳಲ್ಲಿ ಕೇಳುವ ದೂರು ಒಂದೇ: ‘ಗಾಡಿ ಹೀಟ್ ಆಗಾಕತ್ತೈತ್ರಿ.’ ಪಂಪು ತಿರುಗಿಸಿ ಡೀಸೆಲ್ ಹೆಚ್ಚಿಸಿಕೊಂಡ ಟ್ರ್ಯಾಕ್ಟರು, ಟರ್ಬೊ ಕೂಡಿಸಿದ ಹಳೇ ಜೀಪುಗಳಿಗೆ ಈ ಕಾಟ ಹೆಚ್ಚು. ಶಕ್ತಿ ಏರಿಸಿದವರು ರೇಡಿಯೇಟರ್ ಮಾತ್ರ ಹಳೆಯದನ್ನೇ ಉಳಿಸಿಕೊಂಡಿರುತ್ತಾರೆ. ಆಗ ನೆನಪಾಗುವವರು ರೇಡಿಯೇಟರ್ ಮೇಸ್ತ್ರಿ.

ಅವರ ಕೆಲಸ ನೋಡುವಂಥದ್ದು. ಬಾಯಿಗಳಿಗೆ ರಬ್ಬರ್ ಬಿಗಿದು, ಒಂದರಿಂದ ಗಾಳಿ ತುಂಬಿ, ರೇಡಿಯೇಟರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಎದ್ದಲ್ಲಿ ಸೋರಿಕೆ. ಅಲ್ಲಿ ಆಸಿಡ್ ಹಚ್ಚಿ ಉಜ್ಜಿ, ಉರಿ ಹಿಡಿದು, ಸೀಸ-ತವರದ ಬೆಸುಗೆ ಹರಿಸುತ್ತಾರೆ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದ್ದರೆ ಮೇಲಿನ ಟ್ಯಾಂಕ್ ಬಿಚ್ಚಿ, ಪ್ರತಿ ಕೊಳವೆಗೂ ಚಪ್ಪಟೆ ಸಲಾಕೆ ಹಾಯಿಸಬೇಕು. ಕೊನೆಗೆ ಹೊಳಪಿಲ್ಲದ ಕಪ್ಪು ಬಣ್ಣ. ಥಿನ್ನರ್ ಬೆರೆಸಿ ತೆಳುವಾಗಿ ಹೊಡೆದು, ಬೆಳಕಿಗೆ ಹಿಡಿದರೆ ಫಿನ್ನುಗಳ ನಡುವೆ ಆಚೆಕಡೆ ಕಾಣಬೇಕು. ದಪ್ಪ ಬಳಿದರೆ ಕಂಬಳಿ ಹೊದಿಸಿದಂತೆ.

ಈ ಲೇಪವೇ ಈಗ ‘ಕಾವು ಹೊರಹಾಕುವ ಕೋಟಿಂಗ್’ ಎಂದು ಡಬ್ಬಿಗಳಲ್ಲಿ ಬರುತ್ತಿದೆ. ತತ್ತ್ವ ಹಳೆಯದು. ಮಿರುಗುವ ಲೋಹಕ್ಕಿಂತ ಮಾಸಲು ಕಪ್ಪು ಮೈ ಹೆಚ್ಚು ಶಾಖ ಸೂಸುತ್ತದೆಂದು ವಿಜ್ಞಾನಿ ಜಾನ್ ಲೆಸ್ಲಿ 1804ರಲ್ಲೇ ತೋರಿಸಿದ್ದ. ಪೀಣ್ಯದಲ್ಲಿ ಸಿದ್ಧವಾಗಿ 1975ರಲ್ಲಿ ಹಾರಿದ ಆರ್ಯಭಟದಂಥ ಉಪಗ್ರಹಕ್ಕೆ ಗಾಳಿಯೇ ಇಲ್ಲ. ಅಲ್ಲಿ ಶಾಖ ಹೊರಹೋಗಲು ಸೂಸುವಿಕೆಯೊಂದೇ ದಾರಿ, ಹಾಗಾಗಿ ಮೈಲೇಪಕ್ಕೆ ಅಷ್ಟು ಬೆಲೆ.

ರೇಡಿಯೇಟರಿನ ಲೆಕ್ಕ ಬೇರೆ. 95 ಡಿಗ್ರಿ ಕಾದ ಒಂದು ಚದರ ಮೀಟರ್ ಕಪ್ಪು ಮೈ, 42 ಡಿಗ್ರಿ ಸುತ್ತಣಕ್ಕೆ ಸೂಸುವುದು ಹೆಚ್ಚೆಂದರೆ 480 ವ್ಯಾಟ್. ಅರ್ಧ ಮೀಟರ್ ಚೌಕದ ರೇಡಿಯೇಟರಿನ ಎರಡೂ ಮುಖ ಸೇರಿದರೂ ಕಾಲು ಕಿಲೋವ್ಯಾಟ್. ಪೂರ್ತಿ ದುಡಿಯುವ 50 ಅಶ್ವಶಕ್ತಿಯ ಎಂಜಿನ್ ಕೂಲಂಟಿಗೆ ಕೊಡುವ ಕಾವು ಇದರ ನೂರು ಪಟ್ಟಿನ ಆಸುಪಾಸು. ಉಳಿದುದನ್ನೆಲ್ಲ ಒಯ್ಯುವುದು ಫ್ಯಾನಿನ ಗಾಳಿ. ಕಪ್ಪು ಬಣ್ಣದ ನಿಜವಾದ ಉಪಕಾರ ಹಳೆಯ ರೇಡಿಯೇಟರಿನ ಹಿತ್ತಾಳೆಯನ್ನೂ ಬೆಸುಗೆಯನ್ನೂ ತುಕ್ಕಿನಿಂದ ಕಾಯುವುದು. ಗಾಳಿ ಅಷ್ಟಾಗಿ ತಾಗದ ಬರಿ ಅಲ್ಯೂಮಿನಿಯಂ ಆಯಿಲ್ ಸಂಪು, ಗೇರ್‌ಬಾಕ್ಸಿಗೆ ಮಾತ್ರ ಲೇಪ ತಕ್ಕಮಟ್ಟಿಗೆ ನೆರವಾದೀತು.

1901ರ ಮರ್ಸಿಡಿಸ್ ಕಾರಿಗೆ ಎಂಜಿನಿಯರ್ ವಿಲ್ಹೆಲ್ಮ್ ಮೇಬಾಕ್ ಜೇನುಗೂಡಿನ ರೇಡಿಯೇಟರ್ ಮಾಡಿಕೊಟ್ಟಾಗಲೂ ಗುಟ್ಟು ಇದ್ದದ್ದು ಬಣ್ಣದಲ್ಲಲ್ಲ, ಗಾಳಿ ಹಾಯುವ ಜಾಗದಲ್ಲಿ.

ಈಗ ಬರುವ ರೇಡಿಯೇಟರುಗಳು ಅಲ್ಯೂಮಿನಿಯಂ, ಮೇಲೆ ಪ್ಲಾಸ್ಟಿಕ್ ಟ್ಯಾಂಕು. ಬೆಸುಗೆಗೆ ಜಗ್ಗುವುದಿಲ್ಲ, ಕೆಟ್ಟರೆ ತೆಗೆದು ಹೊಸದು ಹಾಕುವುದು. ಹಿತ್ತಾಳೆ ಕೆಲಸ ಬಲ್ಲ ಕೈಗಳು ಹೀಗೆ ಕೆಲಸ ಕಳೆದುಕೊಳ್ಳುತ್ತಿರುವುದು ಸಂಕಟದ ಮಾತು. ವಿಜಯಪುರದಲ್ಲಿ ವಚನ ಸಂಪಾದಕ ಫ.ಗು. ಹಳಕಟ್ಟಿಯವರ ಹೆಸರಿನ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಈ ಮೇಸ್ತ್ರಿಗಳ ಜೊತೆ ಕೂತು, ಲೇಪ ಬಳಿದ, ಬಳಿಯದ ರೇಡಿಯೇಟರುಗಳನ್ನು ಅಳೆದು ನೋಡಬೇಕು.

ಗಾಡಿ ಇರುವವರಿಗೆ ಒಂದು ಮಾತು: ಡಬ್ಬಿ ಕೊಳ್ಳುವ ಮೊದಲು ಫಿನ್ನಿನ ಧೂಳು ತೊಳೆಸಿ, ಕ್ಯಾಪು, ಬೆಲ್ಟು, ಥರ್ಮೋಸ್ಟಾಟ್ ನೋಡಿಸಿ, ಬೋರ್ ನೀರಿನ ಬದಲು ಕೂಲಂಟ್ ಹಾಕಿಸಿ. ಆಮೇಲೂ ಕಾದರೆ ನಿಮ್ಮೂರಿನ ಮೇಸ್ತ್ರಿಯನ್ನು ಕೇಳಿ.