ಗಾಜಿನ ಪರದೆಯೂ ರಬ್ಬರಿನ ಕವಚವೂ

ರಾಯಚೂರಿನಲ್ಲಿರುವ ನನ್ನ ಸೋದರತ್ತೆಗೆ ಎಪ್ಪತ್ತೆರಡು ವರ್ಷ. ಅವರ ಒಬ್ಬಳೇ ಮಗಳು ಪುಣೆಯಲ್ಲಿದ್ದಾಳೆ. ಒಂದು ಬೇಸಿಗೆಯಲ್ಲಿ ನಾನು ಅವರ ಮನೆಗೆ ಹೋಗಿದ್ದಾಗ ಅತ್ತೆ ಬಹಳ ನೊಂದುಕೊಂಡು ಹೇಳಿದರು: "ಮಾತು ಅರ್ಧಕ್ಕ ಬಂದಿರ್ತದ, ಅಷ್ಟರಾಗ ಫೋನು ಇಟ್ಟುಬಿಡ್ತಾಳ ನೋಡಪಾ. ತಾಯಿ ಬ್ಯಾಸರಾಗ್ಯಾಳ ಆಕಿಗೆ." ತಾವೇ ಮತ್ತೆ ಕರೆ ಮಾಡುವುದಕ್ಕೆ ಅವರ ಅಭಿಮಾನ ಅಡ್ಡ ಬರುತ್ತಿತ್ತು. ಅತ್ತ ಮಗಳು, ತಾಯಿಗೆ ತನ್ನ ಮೇಲೆ ಏನೋ ಕೋಪ ಬಂದಿದೆ, ಆದುದರಿಂದಲೇ ಮಾತನ್ನು ನಡುವೆ ತುಂಡರಿಸುತ್ತಾರೆ ಎಂದು ಭಾವಿಸಿದ್ದಳು. ಎರಡು ತಿಂಗಳಿನಿಂದ ತಾಯಿಮಗಳ ನಡುವೆ ಹೀಗೊಂದು ಮುನಿಸು ಬೆಳೆದುಕೊಂಡಿತ್ತು. ನಿಜವಾಗಿ ಕರೆಯನ್ನು ಕಡಿಯುತ್ತಿದ್ದುದು ಅತ್ತೆಯ ಕೆನ್ನೆ. ಕೆನ್ನೆಗೆ ಈ ಅಧಿಕಾರ ಹೇಗೆ ಬಂದಿತೆಂಬುದನ್ನು ತಿಳಿಯಬೇಕಾದರೆ ಮೊಬೈಲಿನ ಪರದೆಯ ರಚನೆಯನ್ನೂ ಅದಕ್ಕೆ ನಾವು ತೊಡಿಸುವ ಕವಚದ ಗುಣದೋಷಗಳನ್ನೂ ಸ್ವಲ್ಪ ಅರಿಯಬೇಕಾಗುತ್ತದೆ.

ಪರದೆಯೆಂದು ನಾವು ಕರೆಯುವ ವಸ್ತು ಒಂದೇ ಹಾಳೆಯಲ್ಲ. ಅದರ ಮೇಲ್ಭಾಗದಲ್ಲಿ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಗಾಜು. ಅದರ ಕೆಳಗೆ ಬೆರಳಿನ ಸ್ಪರ್ಶವನ್ನು ಗುರುತಿಸುವ ಪದರ. ಅದರಡಿಯಲ್ಲಿ ಚಿತ್ರವನ್ನು ಮೂಡಿಸುವ ಫಲಕ. "ಸ್ಕ್ರೀನು ಹೋಯಿತು" ಎಂದು ದುರಸ್ತಿಯ ಅಂಗಡಿಗೆ ಬರುವವರಲ್ಲಿ ಒಬ್ಬನ ಫೋನಿನಲ್ಲಿ ಗಾಜು ಮಾತ್ರ ಒಡೆದಿರುತ್ತದೆ. ಇನ್ನೊಬ್ಬನದರಲ್ಲಿ ಗಾಜು ನೆಟ್ಟಗಿದ್ದು ಚಿತ್ರ ಕೆಟ್ಟಿರುತ್ತದೆ. ಮತ್ತೊಬ್ಬನದರಲ್ಲಿ ಚಿತ್ರವೂ ಸರಿಯಾಗಿದ್ದು, ಬೆರಳು ಮುಟ್ಟಿದರೆ ಅದು ಓಗೊಡುವುದಿಲ್ಲ. ರೋಗಗಳು ಬೇರೆ ಬೇರೆ, ಹೆಸರು ಮಾತ್ರ ಒಂದು.

ಮೊದಲು ಗಾಜಿನ ವಿಚಾರ. ಗಾಜಿನಂಗಡಿಯವನು ಕಿಟಕಿಯ ಗಾಜನ್ನು ಕತ್ತರಿಸುವ ಬಗೆಯನ್ನು ನೀವು ನೋಡಿರಬಹುದು. ಅವನು ವಜ್ರದ ಮೊನೆಯಿಂದ ಒಂದು ತೆಳುವಾದ ಗೀರನ್ನು ಎಳೆದು, ಎರಡೂ ಕೈಗಳಿಂದ ಮೆಲ್ಲನೆ ಬಾಗಿಸುತ್ತಾನೆ. ಗಾಜು ಆ ಗೀರಿನ ಗುಂಟ 'ಟಕ್' ಎಂದು ಬೇರ್ಪಡುತ್ತದೆ. ಇಂಗ್ಲೆಂಡಿನ ಎ. ಎ. ಗ್ರಿಫಿತ್ ಎಂಬ ವಿಜ್ಞಾನಿ 1921ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಇದರ ಮರ್ಮವನ್ನು ವಿವರಿಸಿದನು. ಗಾಜು ತನ್ನ ಅಣುಬಂಧಗಳ ಬಲಕ್ಕೆ ತಕ್ಕಷ್ಟು ಗಟ್ಟಿಯಾಗಿ ಎಂದೂ ಇರುವುದಿಲ್ಲ; ಅದರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಿರುತ್ತವೆ; ಗಾಜನ್ನು ಹಿಗ್ಗಿಸುವ ಬಲವೆಲ್ಲವೂ ಆ ಬಿರುಕುಗಳ ತುದಿಯಲ್ಲಿ ಸಾಂದ್ರವಾಗಿ ಅವನ್ನು ಬೆಳೆಸುತ್ತದೆ. ಹಿಗ್ಗಿಸಿದರೆ ಬಿರುಕು ಬಾಯ್ತೆರೆಯುತ್ತದೆ, ಅದುಮಿದರೆ ಬಾಯಿ ಮುಚ್ಚುತ್ತದೆ.

ಅಂದಮೇಲೆ, ಗಾಜಿನ ಮೇಲ್ಮೈಯನ್ನು ಸದಾಕಾಲವೂ ಅದುಮಿದ ಸ್ಥಿತಿಯಲ್ಲಿಯೇ ಇಡಲು ಸಾಧ್ಯವಾದರೆ ಅದು ಸುಲಭವಾಗಿ ಒಡೆಯಲಾರದು. ಮೊಬೈಲಿನ ಗಾಜನ್ನು ಗಟ್ಟಿಗೊಳಿಸುವುದು ಇದೇ ಉಪಾಯದಿಂದ. ಸೋಡಿಯಂ ಇರುವ ಗಾಜಿನ ಹಾಳೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿರುವ ಪೊಟ್ಯಾಸಿಯಂ ನೈಟ್ರೇಟ್ ಲವಣದಲ್ಲಿ ಕೆಲವು ಗಂಟೆಗಳ ಕಾಲ ಮುಳುಗಿಸುತ್ತಾರೆ. ಗಾಜಿನ ಮೇಲ್ಮೈಯಿಂದ ಸೋಡಿಯಂ ಅಯಾನುಗಳು ಹೊರಬಿದ್ದು, ಅವುಗಳ ಸ್ಥಾನದಲ್ಲಿ ಗಾತ್ರದಲ್ಲಿ ಹಿರಿದಾದ ಪೊಟ್ಯಾಸಿಯಂ ಅಯಾನುಗಳು ಬಂದು ಕೂಡುತ್ತವೆ. ಇಬ್ಬರು ಕೂರುವ ಬಸ್ಸಿನ ಆಸನದಲ್ಲಿ ಮೂವರು ಕುಳಿತಂತೆ! ಅಲ್ಲಿ ಉಂಟಾಗುವ ಇಕ್ಕಟ್ಟೇ ಗಾಜಿನ ಬಲ. ಅಮೆರಿಕದಲ್ಲಿ 1960ರ ದಶಕದಲ್ಲಿಯೇ ಇಂಥ ಗಾಜನ್ನು ತಯಾರಿಸಿದ್ದರೂ ಅದಕ್ಕೆ ಹೆಚ್ಚಿನ ಗಿರಾಕಿಗಳಿರಲಿಲ್ಲ. 2007ರಲ್ಲಿ ಗಾಜಿನ ಮುಖವುಳ್ಳ ಸ್ಪರ್ಶದ ಫೋನು ಮಾರುಕಟ್ಟೆಗೆ ಬಂದ ಮೇಲೆ ಈ ವಿದ್ಯೆಗೆ ಬೆಲೆ ಬಂದಿತು.

ಆದರೆ ಈ ಇಕ್ಕಟ್ಟಿನ ಪದರದ ಆಳ ಒಂದು ಮಿಲಿಮೀಟರಿನ ಸಣ್ಣದೊಂದು ಅಂಶ ಮಾತ್ರ. ಅದಕ್ಕಿಂತ ಆಳವಾದ ಗೀರು ಬಿದ್ದರೆ ಮಾಡಿದ ರಕ್ಷಣೆಯೆಲ್ಲ ವ್ಯರ್ಥ. ಗೀರುವವರು ಯಾರು? ಫ್ರೆಡರಿಕ್ ಮೋಸ್ 1812ರಲ್ಲಿ ರೂಪಿಸಿದ ಕಾಠಿಣ್ಯದ ಅಳತೆಯಲ್ಲಿ ಗಾಜಿನ ಸ್ಥಾನ ಸುಮಾರು 6. ಮರಳಿನಲ್ಲಿ ಹೇರಳವಾಗಿರುವ ಬೆಣಚುಕಲ್ಲಿನ ಸ್ಥಾನ 7. ಹಿತ್ತಾಳೆಯ ಬೀಗದ ಕೈ ಇವೆರಡಕ್ಕಿಂತಲೂ ಬಹಳ ಕೆಳಗಿನದು. ಕಿಸೆಯಲ್ಲಿ ಬೀಗದ ಕೈ ಇದ್ದರೆ ಪರದೆ ಗೀರಿಹೋದೀತೆಂದು ಹೆದರುವ ನಾವು ಅದೇ ಕಿಸೆಯ ಮೂಲೆಯಲ್ಲಿರುವ ನಾಲ್ಕು ಕಾಳು ಮರಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ!

ಚಿತ್ರ ಮೂಡಿಸುವ ಫಲಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ದ್ರವಸ್ಫಟಿಕದ್ದು. ದ್ರವದಂತೆ ಹರಿಯುತ್ತಲೂ ಸ್ಫಟಿಕದಂತೆ ಅಣುಗಳನ್ನು ಕ್ರಮವಾಗಿ ನಿಲ್ಲಿಸಿಕೊಂಡೂ ಇರುವ ಈ ವಿಚಿತ್ರ ವಸ್ತುವನ್ನು 1888ರಲ್ಲಿ ಮೊದಲು ಗಮನಿಸಿದವನು ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೆಡರಿಕ್ ರೈನಿಟ್ಸರ್. ಅವನು ಪರೀಕ್ಷಿಸುತ್ತಿದ್ದ ಪದಾರ್ಥ ಸುಮಾರು 145 ಡಿಗ್ರಿಯಲ್ಲಿ ಕರಗಿ ಕದಡಿದ ದ್ರವವಾಯಿತು. 178 ಡಿಗ್ರಿ ದಾಟಿದಾಗ ಆ ಕದಡು ತಟ್ಟನೆ ತಿಳಿಯಾಯಿತು. ಒಂದು ವಸ್ತುವಿಗೆ ಎರಡು ಕರಗುಬಿಂದುಗಳೇ ಎಂದು ಅವನು ಬೆರಗಾದನು. ಮುಂದೆ ಬಹುಕಾಲ, ಕಡ್ಡಿಯಂತೆ ಉದ್ದವಾದ ಅಣುಗಳಿಂದ ಮಾತ್ರ ದ್ರವಸ್ಫಟಿಕವಾಗುತ್ತದೆಂದು ವಿಜ್ಞಾನಿಗಳು ನಂಬಿದ್ದರು. ಆ ನಂಬಿಕೆಯನ್ನು ಅಲುಗಿಸಿದ ಶೋಧ ನಡೆದದ್ದು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ. ಹಿಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಅವರೂ ಅವರ ಸಂಗಡಿಗರೂ 1977ರಲ್ಲಿ, ಬಿಲ್ಲೆಯಂತೆ ಚಪ್ಪಟೆಯಾದ ಅಣುಗಳೂ ನಾಣ್ಯಗಳನ್ನು ಪೇರಿಸಿಟ್ಟ ಹಾಗೆ ಕಂಬಗಳಾಗಿ ನಿಂತು ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿಕೊಟ್ಟರು. ಫಲಕವನ್ನು ಓರೆಯಾಗಿ ನೋಡಿದರೂ ಚಿತ್ರ ಮಂಕಾಗದಂತೆ ಮಾಡುವ ತೆಳು ಹಾಳೆಗಳ ತಯಾರಿಕೆಗೆ ಇಂಥ ಅಣುಗಳು ಮುಂದೆ ಒದಗಿಬಂದವು.

ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಬಿಡುವುದು, ತಡೆಯುವುದು, ಇಷ್ಟೇ ಅದರ ಕೆಲಸ. ಕಿಟಕಿಯ ಪಟ್ಟಿಬಾಗಿಲಿನ ಹಾಗೆ. ಅದರ ಪದರದ ದಪ್ಪ ಕೆಲವೇ ಮೈಕ್ರೊಮೀಟರುಗಳಾದುದರಿಂದ ಹಿಂದಿನಿಂದ ಏನಾದರೂ ಒತ್ತಿದರೆ ಆ ಜಾಗದಲ್ಲಿ ಬಿಳಿಯ ಮಚ್ಚೆ ಕಾಣಿಸಿಕೊಳ್ಳುತ್ತದೆ. ಎರಡನೆಯ ಬಗೆಯ ಫಲಕದಲ್ಲಿ ಇಂಗಾಲಯುಕ್ತ ಪದಾರ್ಥದ ಪ್ರತಿಯೊಂದು ಬಿಂದುವೂ ತಾನೇ ಬೆಳಗುತ್ತದೆ. ಇದರ ಚಿತ್ರ ಸುಂದರವಾದುದು, ಆಯುಸ್ಸು ಮಾತ್ರ ಬಿಂದುವಿನಿಂದ ಬಿಂದುವಿಗೆ ಬೇರೆ. ಒಂದೇ ಚಿಹ್ನೆಯನ್ನು ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಬೆಳಗಿದರೆ ಅಲ್ಲಿಯ ಬಿಂದುಗಳು ಬೇಗ ಮುಪ್ಪಾಗಿ, ಚಿಹ್ನೆಯನ್ನು ತೆಗೆದ ಮೇಲೂ ಅದರ ನೆರಳು ಉಳಿಯುತ್ತದೆ. ನೀಲಿಯ ಬಿಂದುಗಳಿಗೆ ಮುಪ್ಪು ಎಲ್ಲಕ್ಕಿಂತ ಮೊದಲು. ತೇವವಾಗಲಿ ಆಮ್ಲಜನಕವಾಗಲಿ ಒಳಹೊಕ್ಕರೆ ಕಪ್ಪು ಕಲೆಗಳು ಹಬ್ಬುತ್ತವೆ.

ಅಗಲದಲ್ಲಿ 1080, ಉದ್ದದಲ್ಲಿ 2400 ಬಿಂದುಗಳಿರುವ ಪರದೆಯಲ್ಲಿ ಒಟ್ಟು 25,92,000 ಬಿಂದುಗಳಾಗುತ್ತವೆ. ಪ್ರತಿಯೊಂದನ್ನೂ ಆಳುವ ಸೂಕ್ಷ್ಮ ಟ್ರಾನ್ಸಿಸ್ಟರುಗಳಲ್ಲಿ ಒಂದು ಕೆಟ್ಟರೆ ಒಂದು ಬಿಂದು ಸದಾ ಕಪ್ಪಾಗಿಯೋ ಸದಾ ಬೆಳಗುತ್ತಲೋ ನಿಂತುಬಿಡುತ್ತದೆ. ಇಷ್ಟು ಲಕ್ಷಗಳಲ್ಲಿ ಒಂದೂ ಕೆಡಬಾರದೆಂದು ಪಟ್ಟುಹಿಡಿಯುವುದು ತಯಾರಕರಿಗೆ ಕಷ್ಟವೇ. 2001ರ ಅಂತರರಾಷ್ಟ್ರೀಯ ಮಾನಕವೊಂದು ಎರಡನೆಯ ದರ್ಜೆಯ ಫಲಕಗಳಲ್ಲಿ ಹತ್ತು ಲಕ್ಷಕ್ಕೆ ಸದಾ ಬೆಳಗುವ ಎರಡು ಬಿಂದುಗಳನ್ನೂ ಸದಾ ಕಪ್ಪಾಗಿರುವ ಎರಡನ್ನೂ ಮನ್ನಿಸಿತ್ತು. ಬಿಂದುವಿನ ಬದಲು ಮೇಲಿನಿಂದ ಕೆಳಗಿನವರೆಗೆ ಗೆರೆಯೇ ಬಿದ್ದರೆ ಫಲಕದ ಅಂಚಿನಲ್ಲಿ ಸಂಪರ್ಕ ಕಡಿದಿದೆಯೆಂದು ಸಾಮಾನ್ಯವಾಗಿ ಊಹಿಸಬಹುದು.

ಇಂಥ ನಾಜೂಕಿನ ವಸ್ತುವಿಗೆ ಕವಚ ಬೇಡವೆಂದು ಯಾರೂ ಹೇಳಲಾರರು. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. 200 ಗ್ರಾಂ ತೂಕದ ಫೋನು ಒಂದು ಮೀಟರ್ ಎತ್ತರದಿಂದ ಬಿದ್ದರೆ ನೆಲವನ್ನು ಮುಟ್ಟುವಾಗ ಅದರ ಚಲನಶಕ್ತಿ ಸುಮಾರು 2 ಜೂಲ್. ಬರಿಯ ಗಾಜಿನ ಮೂಲೆ ಕಲ್ಲುನೆಲಕ್ಕೆ ತಗುಲಿ ಅರ್ಧ ಮಿಲಿಮೀಟರಿನೊಳಗೆ ನಿಂತಿತೆನ್ನೋಣ. ಶಕ್ತಿಯನ್ನು ದೂರದಿಂದ ಭಾಗಿಸಿದರೆ ಸರಾಸರಿ ಬಲ 4000 ನ್ಯೂಟನ್ ಆಗುತ್ತದೆ. ಅದೇ ಫೋನು ಮೆತ್ತನೆಯ ಕವಚದೊಳಗಿದ್ದು, ಕವಚ ತಗ್ಗಿ ಅದನ್ನು ಎರಡು ಮಿಲಿಮೀಟರ್ ದೂರದಲ್ಲಿ ನಿಲ್ಲಿಸಿದರೆ ಬಲ 1000 ನ್ಯೂಟನ್‌ಗೆ ಇಳಿಯುತ್ತದೆ. ಮಾವಿನಹಣ್ಣಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸುವವನು ಈ ಲೆಕ್ಕವನ್ನು ಬರೆಯದೆಯೇ ಬಲ್ಲ. ಕವಚದ ಅಂಚು ಗಾಜಿಗಿಂತ ಒಂದು ಮಿಲಿಮೀಟರಿನಷ್ಟು ಮೇಲೆದ್ದಿದ್ದರೆ ಫೋನು ಬೋರಲಾಗಿ ಬಿದ್ದಾಗಲೂ ಸಮನಾದ ನೆಲ ಗಾಜನ್ನು ಮುಟ್ಟಲಾರದು.

ಆದರೂ ಬೇಲಿಯೇ ಎದ್ದು ಹೊಲ ಮೇಯುವುದುಂಟು. ಕವಚಕ್ಕೂ ಫೋನಿಗೂ ನಡುವೆ ಸೇರಿಕೊಂಡ ಮರಳು ಅಲ್ಲಿಯೇ ಉಳಿದು, ನಡೆಯುವಾಗಿನ ಪ್ರತಿ ಅಲುಗಾಟದಲ್ಲಿಯೂ ಅರದಂತೆ ಉಜ್ಜುತ್ತದೆ. ಪಾರದರ್ಶಕವಾದ ಕವಚ ವರ್ಷದೊಳಗೆ ಹಳದಿಯಾಗುತ್ತದೆ. ಅದು ಕೊಳೆಯಲ್ಲ, ಬಿಸಿಲಿನ ಅತಿನೇರಳೆ ಕಿರಣಗಳಿಂದ ಪ್ಲಾಸ್ಟಿಕ್ಕಿನಲ್ಲಿಯೇ ಆದ ರಾಸಾಯನಿಕ ಬದಲಾವಣೆಯಾದುದರಿಂದ ಸಾಬೂನಿಗೆ ಬಗ್ಗುವುದಿಲ್ಲ. ಪುಸ್ತಕದಂತೆ ಮಡಿಸುವ ಕವಚದಲ್ಲಿ ಅಯಸ್ಕಾಂತವಿರುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಬಳಸಿ, ಮುಚ್ಚಳ ಮುಚ್ಚಿದುದನ್ನು ಫೋನು ಗುರುತಿಸಿ ಪರದೆಯನ್ನು ಆರಿಸುತ್ತದೆ. ಅದೇ ಅಯಸ್ಕಾಂತ ಅಸ್ಥಾನದಲ್ಲಿದ್ದರೆ ಓದುತ್ತಿರುವಾಗಲೇ ಪರದೆ ಆರುತ್ತದೆ, ಫೋನಿನ ದಿಕ್ಸೂಚಿಯೂ ತಪ್ಪು ದಿಕ್ಕನ್ನು ಹೇಳುತ್ತದೆ. ಕೇವಲ ಅಂದಕ್ಕಾಗಿ ಮಾಡಿದ ಕವಚಗಳ ಮಾತು ಇನ್ನೂ ಬೇರೆ. ಮಿನುಗುವ ಪುಡಿ ತೇಲುವ ದ್ರವವನ್ನು ತುಂಬಿದ ಎರಡೂವರೆ ಲಕ್ಷಕ್ಕೂ ಹೆಚ್ಚು ಕವಚಗಳನ್ನು 2017ರಲ್ಲಿ ಅಮೆರಿಕದಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಕವಚ ಒಡೆದು ದ್ರವ ಸೋರಿ ಕೆಲವರ ಚರ್ಮ ಸುಟ್ಟಿತ್ತು.

ಎಲ್ಲಕ್ಕಿಂತ ಗಂಭೀರವಾದುದು ಶಾಖದ ತೊಂದರೆ. ವಿದ್ಯುತ್ತನ್ನು ತುಂಬುವಾಗ ಫೋನು ಬಿಸಿಯಾಗುತ್ತದೆ. ಆ ಶಾಖ ಬೆನ್ನಿನ ಮೂಲಕ ಹೊರಹೋಗಬೇಕು. ಮೆತ್ತನೆಯ ಪ್ಲಾಸ್ಟಿಕ್ಕು ಅಲ್ಯೂಮಿನಿಯಂ ಲೋಹಕ್ಕಿಂತ ಸುಮಾರು ಸಾವಿರ ಪಾಲು ಕಡಿಮೆ ಉಷ್ಣವಾಹಕ. ಫೋನನ್ನು 35 ಡಿಗ್ರಿಯವರೆಗಿನ ಹವೆಯಲ್ಲಿ ಬಳಸಿರೆಂದು ತಯಾರಕರು ಸೂಚಿಸುವುದು ವಾಡಿಕೆ. ರಾಯಚೂರಿನ ಬೇಸಿಗೆ 40ನ್ನು ದಾಟುತ್ತದೆ. ಅಂಥ ಹಗಲಿನಲ್ಲಿ ದಪ್ಪ ಕವಚದ ಫೋನನ್ನು ಹಾಸಿಗೆಯ ಮೇಲಿಟ್ಟು ವಿದ್ಯುತ್ತು ತುಂಬುವುದೆಂದರೆ ಜ್ವರ ಬಂದವನಿಗೆ ಕಂಬಳಿ ಹೊದಿಸಿ ಬಿಸಿಲಿನಲ್ಲಿ ಕೂರಿಸಿದ ಹಾಗೆ. ಲಿಥಿಯಂ ಬ್ಯಾಟರಿಯೊಳಗಿನ ದ್ರವ ಶಾಖದಿಂದ ವಿಘಟನೆಗೊಂಡು ಅನಿಲವಾದರೆ ಬ್ಯಾಟರಿ ಊದಿಕೊಳ್ಳುತ್ತದೆ. ಊದಿದ ಬ್ಯಾಟರಿ ಪರದೆಯನ್ನು ಹಿಂದಿನಿಂದ ಒತ್ತುತ್ತದೆ, ಕೆಲವೊಮ್ಮೆ ಅಂಟನ್ನು ಬಿಡಿಸಿ ಮೇಲೆತ್ತುತ್ತದೆ. ಆಗ ಪರದೆಯನ್ನು ಕೈಯಿಂದ ಅದುಮಿ ಕೂರಿಸಲು ಹೋಗುವುದೂ ಬ್ಯಾಟರಿಯನ್ನು ಚುಚ್ಚುವುದೂ ಬೆಂಕಿಯನ್ನು ಕರೆದಂತೆ. ಫೋನನ್ನು ಆರಿಸಿ, ವಿದ್ಯುತ್ತು ತುಂಬುವುದನ್ನು ನಿಲ್ಲಿಸಿ, ಬಲ್ಲವರ ಕೈಗೆ ಒಪ್ಪಿಸತಕ್ಕದ್ದು.

ಈಗ ಅತ್ತೆಯ ಕೆನ್ನೆಯ ಸಂಗತಿಗೆ ಬರೋಣ. ಸ್ಪರ್ಶವನ್ನು ಗುರುತಿಸುವ ಪದರದಲ್ಲಿ ಪಾರದರ್ಶಕವಾದ ವಿದ್ಯುದ್ವಾಹಕದ ಗೆರೆಗಳು ಬಲೆಯಂತೆ ಹರಡಿರುತ್ತವೆ. ನಮ್ಮ ಶರೀರ ಲವಣಮಿಶ್ರಿತ ನೀರಿನದಾದುದರಿಂದ ವಿದ್ಯುದ್ವಾಹಕ. ಬೆರಳು ಹತ್ತಿರ ಬಂದಾಗ ಅಲ್ಲಿಯ ವಿದ್ಯುದ್ಧಾರಕತೆ ಬದಲಾಗುತ್ತದೆ. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ಇ. ಎ. ಜಾನ್ಸನ್ 1965ರಲ್ಲಿಯೇ ಈ ತತ್ತ್ವದ ಸ್ಪರ್ಶಫಲಕವನ್ನು ವಿವರಿಸಿದ್ದನು. ಈ ಬಲೆಗೆ ಬೆರಳು ಯಾವುದು, ಕೆನ್ನೆ ಯಾವುದು ಎಂಬ ವಿವೇಕ ಸಾಲದು. ಆದ್ದರಿಂದ ಫೋನನ್ನು ಕಿವಿಗೆ ಇಟ್ಟುಕೊಂಡೊಡನೆ ಪರದೆ ಆರುವಂತೆ ಒಂದು ಏರ್ಪಾಡು ಮಾಡಿರುತ್ತಾರೆ. ಪರದೆಯ ಮೇಲಂಚಿನಲ್ಲಿರುವ ಸಣ್ಣದೊಂದು ದೀಪ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೊರಸೂಸುತ್ತದೆ. ಕಿರಣ ಕೆನ್ನೆಗೆ ತಗುಲಿ ಹಿಂದಿರುಗಿದರೆ, ಮುಖ ಹತ್ತಿರವಿದೆಯೆಂದು ತಿಳಿದು ಫೋನು ಪರದೆಯನ್ನು ನಿದ್ರೆಗೆ ಕಳುಹಿಸುತ್ತದೆ. ಆ ಜಾಗದಲ್ಲಿ ಎಣ್ಣೆಯ ಜಿಡ್ಡೋ ಪ್ಲಾಸ್ಟಿಕ್ಕಿನ ಹಾಳೆಯೋ ಇದ್ದು ಕಿರಣವನ್ನು ಅಲ್ಲಿಂದಲೇ ಹಿಂದಿರುಗಿಸಿದರೆ ಕರೆಯುದ್ದಕ್ಕೂ ಪರದೆ ಕಪ್ಪಾಗಿಯೇ ಇರುತ್ತದೆ. ಅದರ ಬದಲು ಕಿರಣ ಅಲ್ಲಿಯೇ ಹೀರಿಹೋದರೆ ಪರದೆ ಆರುವುದೇ ಇಲ್ಲ.

ಅತ್ತೆಯ ಫೋನಿನಲ್ಲಿ ಆದದ್ದು ಎರಡನೆಯದು. ಮೂಲೆಯ ಅಂಗಡಿಯೊಂದರಲ್ಲಿ ಅವರ ಫೋನಿಗೆ ಹಾಕಿಕೊಟ್ಟಿದ್ದ ರಕ್ಷಾಗಾಜು ಬೇರೊಂದು ಮಾದರಿಗಾಗಿ ಮಾಡಿದ್ದು. ಅದರ ಅಗಲವಾದ ಕಪ್ಪು ಅಂಚು ಆ ಪುಟ್ಟ ದೀಪವನ್ನು ಸಂಪೂರ್ಣವಾಗಿ ಮುಚ್ಚಿತ್ತು. ಮಾತಾಡುವಾಗ ಪರದೆ ಉರಿಯುತ್ತಲೇ ಇರುತ್ತಿತ್ತು. ಅತ್ತೆಗೆ ಕಿವಿ ಸ್ವಲ್ಪ ಮಂದ. ಮಗಳ ಮಾತು ಸರಿಯಾಗಿ ಕೇಳಲೆಂದು ಫೋನನ್ನು ಒತ್ತಿ ಹಿಡಿದಾಗಲೆಲ್ಲ ಕೆನ್ನೆ ಹೋಗಿ ಕೆಂಪು ಗುಂಡಿಯನ್ನು ಮುಟ್ಟುತ್ತಿತ್ತು.

ನಾನು ಆ ಗಾಜನ್ನು ಮೆಲ್ಲನೆ ಎಬ್ಬಿಸಿ ತೆಗೆದೆ. ಕವಚವನ್ನೂ ಬಿಚ್ಚಿ ನೋಡಿದಾಗ ಪರದೆಯ ಒಂದು ಬದಿ ಉಗುರು ತೂರುವಷ್ಟು ಮೇಲೆದ್ದಿತ್ತು. ಬಿಗಿಯಾದ ಕವಚ ಅದನ್ನು ಅದುಮಿ ಹಿಡಿದು, ಬ್ಯಾಟರಿ ಊದಿದ್ದನ್ನು ಎಷ್ಟು ದಿನಗಳಿಂದ ಮರೆಮಾಡಿತ್ತೋ ತಿಳಿಯದು. ಫೋನು ರಾತ್ರಿಯೆಲ್ಲ ಅತ್ತೆಯ ದಿಂಬಿನ ಪಕ್ಕದಲ್ಲಿಯೇ ಇರುತ್ತಿತ್ತೆಂದು ಕೇಳಿ ನನ್ನ ಎದೆ ಝಲ್ಲೆಂದಿತು. ಅದನ್ನು ಆಗಲೇ ಆರಿಸಿ ದುರಸ್ತಿಯವನ ಬಳಿಗೆ ಒಯ್ದು ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದೆ. ಸಂಜೆ ಪುಣೆಯಿಂದ ಕರೆ ಬಂದಿತು. ಅತ್ತೆ ಎಂದಿನಂತೆ ಫೋನನ್ನು ಕಿವಿಗೆ ಒತ್ತಿಕೊಂಡರು. ಪರದೆ ಆರಿತು. ಅವರು ಮಾತು ಮುಗಿಸಿ ಒಳಗೆ ಬರುವ ಹೊತ್ತಿಗೆ ಒಲೆಯ ಮೇಲಿಟ್ಟಿದ್ದ ಬೇಳೆ ತಳ ಹಿಡಿದಿತ್ತು.